ಸಾಕು ಅಂದವರ ತಾಟು

ನಮ್ಮ ಮನೆಯಲ್ಲಿ ಉಂಡವರು ಹೊಸ್ತಿಲನ್ನು ಹೊಟ್ಟೆಯ ಭಾರಕ್ಕೆ ಸ್ವಲ್ಪ ಓರೆಯಾಗಿ ದಾಟುತ್ತಾರೆ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಹಾನಗಲ್ಲಿನ ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಐದಾರು ಹೆಂಗಸರು ಕೂಡುತ್ತೇವೆ. ದೊಡ್ಡ ಸಮಾರಂಭವೇನಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸುವುದು, ಉಣ್ಣುವುದು, ಎಲೆ ಅಡಿಕೆ ಹಾಕಿಕೊಂಡು ನಾಲ್ಕೂವರೆಯ ಬಸ್ಸಿನವರೆಗೆ ಊರ ಸುದ್ದಿ ಹೇಳುವುದು. ಸೊಸೆಯಂದಿರ ಸುದ್ದಿ ಮಾತ್ರ ತೆಗೆಯಬಾರದು ಎಂದು ಕರಾರು ಮಾಡಿಕೊಂಡಿದ್ದೇವೆ. ಊಟಕ್ಕೆ ಕೂಡುವ ಮೊದಲೇ ಅದನ್ನು ಮುರಿಯುತ್ತೇವೆ.

ಬಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು. ಬಂದವರ ಜೊತೆ ನಾನು ಎಂದೂ ಉಣ್ಣಲು ಕೂತವಳಲ್ಲ. ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಶೇಂಗಾ ಹೋಳಿಗೆ, ಇನ್ನೊಂದು ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಸಾಲಿನ ಹಿಂದಿನಿಂದ ಬರುತ್ತಿದ್ದೆ. ಮುಂದಿನಿಂದ ಹೋದರೆ ಅವರಿಗೆ ಗೊತ್ತಾಗಿ ತಾಟಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಿಡಿದರೂ ಬಿಡುತ್ತಿರಲಿಲ್ಲ, ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಿದ್ದೆ. ನನ್ನ ತವರು ತಡಸ. ಅಲ್ಲಿ ನಮ್ಮವ್ವ ಹೇಳುತ್ತಿದ್ದಳು: "ಮೊದಲನೇ ಸಲ ಬ್ಯಾಡ ಅನ್ನೋದು ನಾಚಿಕಿ, ಎರಡನೇ ಸಲ ಅನ್ನೋದು ರೀತಿ, ಮೂರನೇ ಸಲ ಅಂದ್ರ ಮಾತ್ರ ಖರೇ." ಅವ್ವನ ಮಾತಿನಲ್ಲಿ ಮೊದಲಿನ ಎರಡನ್ನು ಚೆನ್ನಾಗಿ ನೆನಪಿಟ್ಟುಕೊಂಡು ಮೂರನೆಯದನ್ನು ನನ್ನ ಅನುಕೂಲಕ್ಕೆ ಮರೆತಿದ್ದೆ.

ನಮ್ಮ ಕೂಟದ ಜೀವ ಎಂದರೆ ಅಕ್ಕಿಆಲೂರಿನ ಅಕ್ಕ. ಒಡಹುಟ್ಟಿದವರಲ್ಲ. ನಾನು ಮದುವೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದರು, ನನಗಿಂತ ಐದಾರು ವರ್ಷ ದೊಡ್ಡವರು. ಆಮೇಲೆ ಅವರ ಯಜಮಾನರಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಅಕ್ಕಿಆಲೂರಿಗೆ ಹೋದರು. ಆದರೂ ಮೂವತ್ತು ವರ್ಷ ಒಂದು ಅಮಾವಾಸ್ಯೆಯನ್ನೂ ಬಿಟ್ಟವರಲ್ಲ. ಯಾರದೋ ಮನೆಯ ಬೀಗರ ಜಗಳವನ್ನು ಅವರು ಹೇಳತೊಡಗಿದರೆ ಎರಡೂ ಕಡೆಯವರ ದನಿಯಲ್ಲಿ ಹೇಳುತ್ತಿದ್ದರು. ನಕ್ಕು ನಕ್ಕು ನಮಗೆ ನೀರು ನೆತ್ತಿಗೇರುತ್ತಿತ್ತು.

ಅಂಥವರು ಹೋದ ವರ್ಷ ಬರುವುದನ್ನು ನಿಲ್ಲಿಸಿದರು. ಒಂದು ಅಮಾವಾಸ್ಯೆಗೆ ಮನೆಗೆ ನೆಂಟರು ಬಂದಿದ್ದಾರೆ ಎಂದರು. ಮುಂದಿನದಕ್ಕೆ ಮೊಣಕಾಲು ನೋವು. ಅದರ ಮುಂದಿನದಕ್ಕೆ ಫೋನೇ ಎತ್ತಲಿಲ್ಲ. ಅವರಿಲ್ಲದ ಪಡಸಾಲೆಯಲ್ಲಿ ಮಾತು ಕುಂಟುತ್ತಿತ್ತು. ಮೂರು ಗಂಟೆಗೇ ಒಬ್ಬೊಬ್ಬರು ಚಪ್ಪಲಿ ಹುಡುಕತೊಡಗಿದರು. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಅವರ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ನಾನು ತಡವಾಗಿ ಹೋಗಿದ್ದೆ, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು ಎಂದುಕೊಂಡೆ. ಮನೆಯಲ್ಲಿ ಅದೇ ಮಾತನ್ನು ಎಂಟು ದಿನ ರುಬ್ಬಿದೆ.

"ಇಲ್ಲಿ ಕುಂತು ನನ್ನ ತಲಿ ತಿನ್ನೋ ಬದಲಿ ಹೋಗಿ ಅವರನ್ನ ಕೇಳು," ಎಂದರು ನಮ್ಮ ಮನೆಯವರು.

ಬೆಳಿಗ್ಗೆ ಎದ್ದು ಇಪ್ಪತ್ತು ಹೋಳಿಗೆ ಮಾಡಿ ಡಬ್ಬಿ ಕಟ್ಟಿಕೊಂಡು, ಚಹಾ ಒಂದನ್ನೇ ಕುಡಿದು ಬಸ್ಸು ಹತ್ತಿದೆ. ಜಗಳವಾಡಲು ಹೋಗುವಾಗಲೂ ಬರಿಗೈಯಲ್ಲಿ ಹೋಗುವ ಮನೆತನ ನಮ್ಮದಲ್ಲ.

ಅಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡರು. ಸಿಟ್ಟಿನ ಸುಳಿವೇ ಇರಲಿಲ್ಲ. ಡಬ್ಬಿಯನ್ನು ಮಾತ್ರ ಬಿಚ್ಚದೆ ಕಟ್ಟೆಯ ಮೇಲೆ ಇಟ್ಟರು. ತಾಟಿಗೆ ಒಂದು ರೊಟ್ಟಿ, ಮಡಕೆ ಕಾಳಿನ ಪಲ್ಯ, ಮೊಸರು ಹಾಕಿ ಕೊಟ್ಟರು. ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಅಷ್ಟು ಹಸಿದಿದ್ದೆ.

"ಇನ್ನೊಂದು ಹಾಕ್ಲೇನ?" ಎಂದು ಕೇಳಿದರು.

"ಸಾಕ್ರಿ ಅಕ್ಕಾರ," ಎಂದೆ, ರೀತಿಗೆ.

ಅವರು "ಹೂಂ" ಎಂದು ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿಬಿಟ್ಟರು. ಎರಡನೇ ಸಲ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಬುಟ್ಟಿಯನ್ನು ನೋಡಿದೆ, ಅವರನ್ನು ನೋಡಿದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: "ಒಮ್ಮೆ ಸಾಕ ಅಂದ್ರ ಬುಟ್ಟಿ ಮುಚ್ಚಿ ಬಿಡೋದೇನ್ರಿ?"

"ನೀನ ಅಂದೆಲ್ಲ ಸಾಕ ಅಂತ."

"ಅದು ರೀತಿಗೆ ಅಂದದ್ರಿ."

ಅಕ್ಕ ನಗುತ್ತಾ ಬುಟ್ಟಿಯನ್ನು ನನ್ನ ಮುಂದೆ ಸರಿಸಿದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಾ ರೀತಿಗೆ ಅಂತಿದ್ದಿಲ್ಲ ತಂಗಿ. ಶುಗರ್ ಬಂದೈತಿ ಅಂತ ನಿನಗ ಎರಡು ಸಲ ಹೇಳೇನಿ. ಒಂದು ಹೋಳಿಗಿಗೆ ಏನಾಗ್ತೈತ್ರಿ, ಒಂದು ಗುಳಿಗಿ ಹೆಚ್ಚಿಗಿ ನುಂಗ್ರಿ ಅಂದಿ. ಕಡೀ ಸಲ ನಿಮ್ಮಲ್ಲಿ ಮೂರು ಹೋಳಿಗಿ ತಿಂದು ಬಸ್ಸಿನ್ಯಾಗ ಕಣ್ಣಿಗೆ ಕತ್ತಲಿ ಬಂತು. ಕಂಡಕ್ಟರ್ ನೀರು ಕುಡಿಸಿ ಕುಂದರಿಸಿದ."

ಅವರು ಎರಡು ಸಲ ಹೇಳಿದ್ದು ನಿಜ. ನಾನು ಹಾಗೆ ಅಂದದ್ದೂ ನಿಜ.

"ಮತ್ತ ಸಿಟ್ಟಾಗಿ ಬಯ್ಯಬೇಕಿಲ್ಲೇನ್ರಿ ನನಗ?" ಎಂದೆ.

"ಸಿಟ್ಟು ಯಾಕ ಬರ್ತೈತಿ? ಬರಬೇಕಂತ ಜೀವ ಭಾಳ ಎಳಿತೈತಿ. ನಿನ್ನ ಕೈಗೆ ಅಂಜಿ ಮನ್ಯಾಗ ಕುಂತೇನಿ."

ನನಗೆ ಅಳು ಬಂತು. ಯಾರು ಎಲ್ಲರಿಗಿಂತ ಹೆಚ್ಚು ಬೇಕು ಎನ್ನುತ್ತಿದ್ದೆನೋ ಅವರೇ ನನಗೆ ಅಂಜುತ್ತಿದ್ದರು. ನಾಲ್ಕು ಮಂದಿ ನನ್ನ ಬಡಿಸುವ ಕೈಯನ್ನು ಹೊಗಳಲಿ ಎಂಬ ಆಸೆಗೆ ಅಕ್ಕನ ಮಾತು ಕಿವಿಗೇ ಬಿದ್ದಿರಲಿಲ್ಲ. ಇಪ್ಪತ್ತು ಹೋಳಿಗೆಯ ಡಬ್ಬಿಯನ್ನು ಕಟ್ಟಿದ್ದ ಹಾಗೆಯೇ ತಿರುಗಿ ತಂದೆ. ಕತೆಯನ್ನೆಲ್ಲ ಕೇಳಿದ ನಮ್ಮ ಮನೆಯವರು ಒಂದು ಹೋಳಿಗೆ ಮುರಿಯುತ್ತಾ, "ಊಟ ಬಲ್ಲವಗ ರೋಗ ಇಲ್ಲ ಅಂತಾರ. ನಿನ್ನ ಮುಂದ ಉಣ್ಣಾಕ ಕುಂತವಗ ಆ ಗಾದಿ ನಡಿಯಂಗಿಲ್ಲ ನೋಡು," ಎಂದರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ.

ಮುಂದಿನ ಅಮಾವಾಸ್ಯೆಗೆ ಅಡುಗೆಯನ್ನೆಲ್ಲ ಜಮಖಾನದ ನಡುವೆ ಇಟ್ಟು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಿ ಎಂದು ನಾನೂ ಒಂದು ತಾಟು ತೆಗೆದುಕೊಂಡು ಕೂತೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಎದುರು ಮನೆಯಾಕೆ ರೂಢಿಯಂತೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬ್ಯಾಡ್ರಿ, ಬ್ಯಾಡ್ರಿ" ಎಂದಳು. ಹಾಕಲು ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕೈ ತೆಗೆದು ತಾನೇ ಹೋಳಿಗೆ ಎತ್ತಿಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಅಕ್ಕ ಬಂದಿದ್ದರು. ನಾನೇ ಫೋನು ಮಾಡಿ, ಕೈ ಕಟ್ಟಿಕೊಂಡು ಕೂಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವರು ಹಾಕಿಕೊಂಡದ್ದು ಒಂದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅಷ್ಟೇ. ಅದು ಮುಗಿದಾಗ "ಸಾಕು" ಎಂದು ನನ್ನ ಕಡೆ ನೋಡಿದರು. ನನ್ನ ಬಲಗೈ ತಾನಾಗಿ ಬುಟ್ಟಿಯವರೆಗೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಕಷ್ಟದ ಕೆಲಸವನ್ನು ನಾನು ಈಚೆಗೆ ಮಾಡಿಲ್ಲ.

ಅಕ್ಕ ಆರಾಮಾಗಿ ಗೋಡೆಗೆ ಒರಗಿ, ಅವರ ಓಣಿಯಲ್ಲಿ ಹಂಚಿಕೆಯಾದ ಮನೆಯ ಒಂದೇ ಬಾಗಿಲಿಗಾಗಿ ಅಣ್ಣ ತಮ್ಮಂದಿರು ಹೊಡೆದಾಡಿದ ಕತೆ ತೆಗೆದರು. ಅಣ್ಣನ ದನಿ ಆಯಿತು, ತಮ್ಮನ ದನಿ ಆಯಿತು. ತಮ್ಮನ ಹೆಂಡತಿಯ ದನಿ ಬರುವ ಹೊತ್ತಿಗೆ ನಡುವೆ ನಿಲ್ಲಿಸಿ, ತಾಟನ್ನು ನನ್ನ ಕಡೆ ಚಾಚಿದರು.

"ಎಣ್ಣೆಗಾಯಿ ಭಾಳ ರುಚಿ ಆಗೈತಿ. ಇನ್ನೊಂದು ಅರ್ಧ ರೊಟ್ಟಿ ಕೊಡು ತಂಗಿ."

ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕೇಳುವುದಕ್ಕೆ ನಾನು ಎಂದೂ ಪುರುಸೊತ್ತು ಕೊಟ್ಟಿರಲಿಲ್ಲ. ರೊಟ್ಟಿಯನ್ನು ಸರಿಯಾಗಿ ಎರಡು ಮಾಡಿ ಅರ್ಧವನ್ನು ಅವರ ತಾಟಿಗೆ ಹಾಕಿದೆ. ಉಳಿದ ಅರ್ಧ ನಾನು ತಿಂದೆ.