ತೆಪ್ಪಕ್ಕೆ ಮುಂದೆ ಯಾವುದು

ಹೋದ ತಿಂಗಳು ನಮ್ಮೂರ ಹಾಲಿನ ಡೈರಿಯ ಸದಸ್ಯರೆಲ್ಲ ಸೇರಿ ಬಸ್ಸು ಮಾಡಿಕೊಂಡು ಕೇರಳಕ್ಕೆ ಹೋಗಿದ್ದೆವು. ಅಲ್ಲಿ ಕಾಲುವೆಯ ಮೇಲೆ ದೋಣಿಯಲ್ಲಿ ಸುತ್ತಾಡಿಸುತ್ತಾರೆ, ನೀವೂ ಹೋಗಿರಬಹುದು. ನಾವು ದೋಣಿಗೆ ಕಾಲಿಡುವಾಗಲೇ ದೋಣಿಯವನು ಹರುಕು ಕನ್ನಡದಲ್ಲಿ, "ಎಡಗಡೆ ಕೂತರೆ ಎಲ್ಲಾ ಚೆನ್ನಾಗಿ ಕಾಣುತ್ತೆ" ಅಂದುಬಿಟ್ಟ. ಅಷ್ಟೇ ಸಾಕಾಯಿತು. ದಿನಾ ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ಜನ ಸಾಲು ಮರೆತು ಎಡಕ್ಕೆ ನುಗ್ಗಿದರು. ದೋಣಿ ವಾಲಿತು. ದೋಣಿಯವನು ತನ್ನ ಭಾಷೆಯಲ್ಲಿ ಬೈದ. ಭಾಷೆ ಬರದಿದ್ದರೂ ಬೈಗುಳ ಅರ್ಥವಾಗುತ್ತದೆ ನೋಡಿ.

ನುಗ್ಗಿದವರಲ್ಲಿ ಮೊದಲನೆಯವನು ನಾನೇ. ಮುಂದಿನ ಕುರ್ಚಿ ಹಿಡಿದು, ಪಕ್ಕದ ಕುರ್ಚಿಗೆ ಟವಲು ಹಾಕಿ, ಹೆಂಡತಿ ಭಾಗ್ಯಳನ್ನು ಕೂಗಿ ಕರೆದೆ. ಕೂತ ಮೇಲೆ ಯಾಕೋ ನಗು ಬಂತು.

"ಏನ್ರೀ, ಒಬ್ಬೊಬ್ರೇ ನಗ್ತೀರಿ?" ಅಂದಳು.

"ಏನಿಲ್ಲ ಬುಡು" ಅಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿ ಇತ್ತು. ಅದು ನೆನಪಾಗಿತ್ತು.

ಕೂರುವುದಕ್ಕೆ ಒಳ್ಳೆಯ ಜಾಗ ಹುಡುಕುವುದರಲ್ಲಿ ನನಗೆ ಮೊದಲಿಂದಲೂ ಒಂದು ಹಮ್ಮು. ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಬೆಳಗ್ಗೆ ಬಸ್ಸು ಹತ್ತಿದರೆ ಎಡಗಡೆ ಕೂರಬೇಕು, ಬಿಸಿಲು ಬೀಳುವುದಿಲ್ಲ. ಸಂಜೆ ವಾಪಸ್ಸು ಬರುವಾಗಲೂ ಎಡಗಡೆಯೇ. ಯಾಕೆ ಎಂದು ಯೋಚನೆ ಮಾಡಿ ನೋಡಿ, ಸರಿಯಾಗಿದೆ. ಇದನ್ನು ಯಾವ ಸ್ಕೂಲಿನಲ್ಲೂ ಹೇಳಿಕೊಡುವುದಿಲ್ಲ. ನಾನು ಸ್ಕೂಲು ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಅಪ್ಪ ತೀರಿಕೊಂಡರು, ಚಿಕ್ಕಪ್ಪ ನನ್ನ ಕೈಗೆ ನೇಗಿಲು ಕೊಟ್ಟರು, ಆಮೇಲೆ ಟ್ರಾಕ್ಟರು ಕಲಿತೆ. ಓದಿದವರ ಮುಂದೆ ಕೂತಾಗ ಇಂಥದ್ದೊಂದು ಸಣ್ಣ ಲೆಕ್ಕ ಹೇಳಿ ಅವರು ಹುಬ್ಬೇರಿಸುವುದನ್ನು ನೋಡುವುದು ನನಗೊಂದು ಚಟ.

ಈಗ ಹೇಳುವುದು ತೊಂಬತ್ತಮೂರೋ ತೊಂಬತ್ತನಾಲ್ಕೋ ಇರಬೇಕು. ನಮ್ಮೂರು ಕಿರಂಗೂರಿನಿಂದ ಒಳಕ್ಕೆ, ಹಳೇ ನಾಲೆಯ ದಂಡೆಯಲ್ಲಿ. ಕಿಕ್ಕೇರಿಯ ನೆಂಟರೊಬ್ಬರು ನನಗೆ ನಾಗಮಂಗಲದ ಆಚೆಯ ಒಂದು ಹೆಣ್ಣು ತೋರಿಸಿದರು. ಅವಳೇ ಭಾಗ್ಯ. ನಾವು ಹೋಗಿ ನೋಡಿ ಬಂದಾಯಿತು. ಅವಳು ಒಂದೇ ಒಂದು ಸಲ ಕತ್ತೆತ್ತಿ ನೋಡಿದಳು. ನನಗೆ ಅಷ್ಟೇ ಸಾಕಾಯಿತು. ಆದರೆ ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ, ನೆಲ ನೋಡದೆ ಮಾತು ಕೊಡುವುದಿಲ್ಲ. ಭಾಗ್ಯಳ ಅಪ್ಪ ತಿಮ್ಮೇಗೌಡರೂ ಅವಳ ಅಜ್ಜಿಯೂ ಸೋಮವಾರ ಬರುತ್ತೇವೆಂದು ಹೇಳಿಕಳಿಸಿದರು.

ಮನೆಯೇನೋ ಸರಿ, ಸುಣ್ಣ ಬಳಿದಿದ್ದೆ. ಚಿಂತೆ ನೆಲದ್ದು. ನಾಲೆಯ ಬಲಗಡೆ ನನಗೆ ಒಂದೂವರೆ ಎಕರೆ ಗದ್ದೆ ಇತ್ತು. ಮೇಲಿನ ನಾಲೆಯ ನೀರು ಕುಡಿದು ಭತ್ತ ಗಿಣಿಯ ಹಾಗೆ ಹಸಿರಾಗಿ ನಿಂತಿತ್ತು. ಎಡಗಡೆಯದು ತಗ್ಗಿನ ಒಂದು ಎಕರೆ. ನಾಲೆಯ ನೀರು ಒಳಗೊಳಗೇ ಜಿನುಗಿ ಅದು ಚೌಳಾಗಿ ಹೋಗಿತ್ತು. ನಾಲ್ಕು ದಿನ ಬಿಸಿಲು ಕಾದರೆ ಸಾಕು, ನೆಲದ ಉಪ್ಪೆಲ್ಲ ಮೇಲೆ ಬಂದು ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಅದನ್ನು ನೋಡಿದ ಯಾವ ಅಪ್ಪ ಹೆಣ್ಣು ಕೊಟ್ಟಾನು? ಎರಡು ವರ್ಷದಿಂದ ಟ್ರಾಕ್ಟರು ಕೆಲಸ ಮುಗಿಸಿ ಬಂದು, ನಾನೊಬ್ಬನೇ ಗುದ್ದಲಿ ಹಿಡಿದು, ಆ ಕೆಟ್ಟ ನೀರು ಹಳ್ಳಕ್ಕೆ ಹೋಗಲೆಂದು ಬಸಿಗಾಲುವೆ ತೋಡುತ್ತಿದ್ದೆ. ನೂರು ಮಾರು ತೋಡಿದ್ದೆ. ಆದರೂ ಅಂಥಾ ಗುಣವೇನೂ ಕಂಡಿರಲಿಲ್ಲ.

ಆ ವರ್ಷದ ಮಳೆಗೆ ನಾಲೆ ಏರಿಯ ದಾರಿ ಕುಸಿದು ಗಾಡಿ ಹೋಗುವ ಹಾಗಿರಲಿಲ್ಲ. ಕೆಸರಿನಲ್ಲಿ ಅಜ್ಜಿಯನ್ನು ನಡೆಸುವುದು ಹೇಗೆ? ಆಗ ನನ್ನ ತಲೆಗೆ ಬಂದದ್ದು ತೆಪ್ಪ. ಗಂಜಾಂನಲ್ಲಿ ಹೊಳೆಯ ಮೇಲೆ ತೆಪ್ಪ ಹಾಕುವ ಸಿದ್ದಣ್ಣ ನನಗೆ ಗುರುತು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಟಾರು ಬಳಿದ ತೆಪ್ಪ. ಅದನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದೆ. ಇವತ್ತು ಯಾರಾದರೂ ತುಂಬಿದ ನಾಲೆಗೆ ತೆಪ್ಪ ಇಳಿಸಿದರೆ ನಾನೇ ಬೈಯುತ್ತೇನೆ. ಆವತ್ತು ನಾಲೆ ಕಾಯುವ ನೀರುಗಂಟಿ ಆ ಕಡೆ ಹೋದದ್ದು ನೋಡಿಕೊಂಡು ಇಳಿಸಿದ್ದೆವು.

ಹಿಂದಿನ ದಿನ ನಾನು ಏನು ಮಾಡಿದೆ ಗೊತ್ತೆ? ತೆಪ್ಪವನ್ನು ಕಣದಲ್ಲಿ ಇಟ್ಟು, ಅದರೊಳಗೆ ಕೂತು ನೋಡಿದೆ. ಒಂದೊಂದು ಜಾಗದಲ್ಲೂ ಕೂತು, ಕತ್ತು ತಿರುಗಿಸಿ, ಎಲ್ಲಿಂದ ಯಾವ ಕಡೆ ಕಾಣುತ್ತದೆ ಎಂದು ಅಂದಾಜು ಮಾಡಿದೆ. ನಮ್ಮ ನಾಲೆಯ ದಡವನ್ನು ದನಗಳು ತುಳಿದು ತುಳಿದು ತಗ್ಗು ಮಾಡಿದ್ದವು. ನೀರಿನ ಮೇಲೆ ಕೂತವರಿಗೂ ಗದ್ದೆ ಕಾಣುತ್ತಿತ್ತು. ಬೀಗರನ್ನು ಎಡ ಅಂಚಿಗೆ ಬೆನ್ನು ಕೊಟ್ಟು ಕೂರಿಸಿದರೆ ಅವರ ಮುಖವೆಲ್ಲ ಬಲಗಡೆಯ ಹಸಿರಿಗೆ. ಚೌಳು ಬೆನ್ನ ಹಿಂದೆ. ಆ ಜಾಗಕ್ಕೆ ಕಂಬಳಿ ಮಡಿಸಿ ಹಾಕಿದೆ. ನನಗೂ ಚಿಕ್ಕಪ್ಪನಿಗೂ ಎದುರುಗಡೆ ಗೋಣಿಚೀಲ.

ಸಿದ್ದಣ್ಣ ಬೀಡಿ ಸೇದುತ್ತಾ ನೋಡುತ್ತಿದ್ದ. "ನಾಲೆ ನೀರು ಹೊಳೆ ನೀರಿನಂಗಲ್ಲ ಕಣ್ಲಾ" ಅಂದ.

"ನೀನ್ ಹುಟ್ಟು ಹಾಕು ಸಾಕು. ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದೆ.

ಟ್ರಾಕ್ಟರು ಓಡಿಸುವವನ ಬುದ್ಧಿ ಅದು. ಟ್ರಾಕ್ಟರಿಗೆ ಮುಂದೆ ಇದೆ, ಎತ್ತಿನ ಗಾಡಿಗೆ ಮುಂದೆ ಇದೆ. ದುಂಡಗಿರುವ ತೆಪ್ಪಕ್ಕೆ ಮುಂದೆ ಯಾವುದು ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಸೋಮವಾರ ಬೀಗರು ಬಂದರು. ಕಂಬಳಿಯ ಮೇಲೆ ತಿಮ್ಮೇಗೌಡರು, ಅವರ ಪಕ್ಕ ಅಜ್ಜಿ, ಎಲ್ಲಾ ನನ್ನ ಲೆಕ್ಕದ ಹಾಗೇ ಕೂತರು. ತೆಪ್ಪ ನಡುನೀರಿಗೆ ಹೋದದ್ದೇ ತಡ, ಬುಗುರಿಯಂತೆ ತಿರುಗಿಕೊಂಡಿತು. ಅರ್ಧ ಸುತ್ತಿಗೆ ಬೀಗರ ಮುಖ ಎಡಕ್ಕೆ, ನನ್ನ ಮುಖ ಬಲಕ್ಕೆ. ಸಿದ್ದಣ್ಣ ಹುಟ್ಟು ಹಾಕಿ ತಡೆದ. ತೆಪ್ಪ ಅವನ ಮಾತು ಕೇಳಲಿಲ್ಲ. ಮುಂದಿನ ತಿರುವು ದಾಟಿದರೆ ನಮ್ಮ ನೆಲ.

"ಗೌಡ್ರೇ, ಒಸಿ ಈ ಕಡೆ ಬನ್ನಿ, ಇಲ್ಲಿ ಚೆಂದಾಗ್ ಕಾಣ್ತದೆ" ಎಂದು ಎದ್ದೆ. ಅವರು ಪಾಪ, ಪಂಚೆ ಎತ್ತಿಕೊಂಡು ಈ ಕಡೆ ಬಂದರು. ಅಷ್ಟರಲ್ಲಿ ತೆಪ್ಪ ಇನ್ನರ್ಧ ಸುತ್ತು. ಮತ್ತೆ ಎದ್ದೆ.

"ಲೇ, ಕುಂತ್ಕಳ್ಲಾ!" ಎಂದು ಸಿದ್ದಣ್ಣ ಗದರಿದ. "ಎದ್ದೆದ್ದು ಓಡಾಡಕ್ಕೆ ಇದೇನ್ ನಿನ್ ಟ್ರಾಕ್ಟ್ರಾ? ಎಲ್ಲಾರ್ನೂವೆ ಮುಳುಗ್ಸ್‌ಬುಡ್ತೀಯ!"

ಅಜ್ಜಿ ಮಾತ್ರ ಬೊಚ್ಚುಬಾಯಿ ತುಂಬ ನಗುತ್ತಿದ್ದರು. "ತಿರುಗ್ಲಿ ಬುಡಪ್ಪ, ಯಾಕ್ ತಡೀತೀಯ? ಕುಂತಲ್ಲೇ ಸುತ್ತಾ ಮುತ್ತಾ ಎಲ್ಲಾ ಕಾಣ್ತದಲ್ಲ!"

ಕಂಡಿತು. ಎಲ್ಲಾ ಕಂಡಿತು. ಮೊದಲು ಹಸಿರು ಗದ್ದೆ ಕಂಡಿತು, ಚಿಕ್ಕಪ್ಪ ಕೈ ಚಾಚಿ, "ಇದು ನಮ್ ಹುಡುಗುಂದು" ಅಂದರು. ಅವರು ಕೈ ಇಳಿಸುವುದರೊಳಗೆ ತೆಪ್ಪ ತಿರುಗಿ ಚೌಳು ಕಂಡಿತು. ಅವತ್ತು ಬಿಸಿಲಿಗೆ ಅದು ಎಂದಿಗಿಂತ ಬೆಳ್ಳಗಿತ್ತು.

"ಆ ಬೆಳ್ಳಗಿರೋದು ಯಾರ್ದು?" ತಿಮ್ಮೇಗೌಡರು ಕೇಳಿದರು.

"ಅದಾ? ಅದು ಸರ್ಕಾರದ್ದು" ಚಿಕ್ಕಪ್ಪ ರೆಪ್ಪೆ ಬಡಿಯದೆ ಹೇಳಿದರು.

ನೋಡಿ, ಅಲ್ಲಿಯವರೆಗೆ ಮುಚ್ಚಿಡುವುದಕ್ಕೆ ಅಷ್ಟೆಲ್ಲ ಹುನ್ನಾರ ಮಾಡಿದವನು ನಾನೇ. ಆದರೆ ಎರಡು ವರ್ಷ ಬೆನ್ನು ಬಗ್ಗಿಸಿದ ನೆಲವನ್ನು ನನ್ನೆದುರಿಗೇ ಬೇರೆಯವರದು ಅಂದಾಗ ತಡೆದುಕೊಳ್ಳಲು ಆಗಲಿಲ್ಲ. "ಸರ್ಕಾರದ್ದಲ್ಲ ಗೌಡ್ರೇ, ನಂದೇ" ಅಂದುಬಿಟ್ಟೆ. "ಬಸಿಗಾಲ್ವೆ ತೋಡಿವ್ನಿ. ಇಳ್ದು ನೋಡಿ."

ಸಿದ್ದಣ್ಣ ಹೊಂಗೆಮರದ ಬೇರು ಹಿಡಿದು ತೆಪ್ಪ ನಿಲ್ಲಿಸಿದ. ಅಜ್ಜಿ ಕೂತಲ್ಲೇ ಉಳಿದರು. ತಿಮ್ಮೇಗೌಡರು ಇಳಿದು, ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಹಾಕಿಕೊಂಡರು. ಉಗಿದರು. ನನ್ನ ಕಾಲುವೆಯ ಪಕ್ಕ ಹೋಗಿ ಅಲ್ಲಿಯದೂ ಒಂದು ಚಿಟಿಕೆ. ಅದನ್ನೂ ಉಗಿದರು. ಆಮೇಲೆ ಒಂದು ಒಣಹುಲ್ಲಿನ ಕಡ್ಡಿ ಮುರಿದು ಕಾಲುವೆಯ ನೀರಿಗೆ ಹಾಕಿ, ಕುಕ್ಕರುಗಾಲಲ್ಲಿ ಕೂತು ನೋಡಿದರು. ನಾವೂ ನೋಡಿದೆವು. ಕಡ್ಡಿ ಅಲ್ಲಾಡಲಿಲ್ಲ.

"ನೀರು ಹೋಯ್ತಾ ಇಲ್ಲ ಕಣಪ್ಪ, ನಿಂತದೆ. ನಡೂಮಧ್ಯ ಎಲ್ಲೋ ಎತ್ರ ಆಗದೆ. ಇಷ್ಟ್ ತೋಡಿದ್ದೂ ದಂಡ ಆಯ್ತಲ್ಲ" ಅಂದರು. ಅವರು ಬಾವಿ ತೋಡಿಸಿ ಬದುಕಿದ ಮನುಷ್ಯ. ಹೇಳಿದ್ದರಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಆ "ದಂಡ" ಎನ್ನುವುದೊಂದೇ ಕೇಳಿಸಿತು.

"ಮಳೆ ಬಂದ್ರೆ ನೀರು, ಇಲ್ದಿದ್ರೆ ಇಲ್ಲ ಅನ್ನೋ ಊರೋರು, ನಾಲೆ ಕೆಳಗೆ ಹುಟ್ಟಿದೋನ್ಗೆ ನೀರು ಹರ್ಸೋದು ಹೇಳ್ಕೊಡ್ತೀರಾ?" ಅಂದೆ.

ಚಿಕ್ಕಪ್ಪ ನನ್ನ ತೋಳು ಜಿಗುಟಿದರು. ತಡವಾಗಿತ್ತು. ತಿಮ್ಮೇಗೌಡರು ಕೈಯ ಮಣ್ಣು ಕೊಡವಿಕೊಂಡು ತೆಪ್ಪ ಹತ್ತಿದರು. ಅಲ್ಲಿಂದ ಕೆಳಗೆ ಟ್ರಾಕ್ಟರು ನಿಲ್ಲಿಸಿದ್ದ ಕಡೆಗೆ ಹೊರಟೆವು. ತೆಪ್ಪ ತಿರುಗುತ್ತಲೇ ಇತ್ತು. ನಾನು ಯಾವ ಕಡೆ ಮುಖ ಇಟ್ಟುಕೊಂಡರೂ ಒಂದಲ್ಲ ಒಂದು ಹೊತ್ತಿಗೆ ಅವರ ಮುಖ ಎದುರಿಗೆ ಬರುತ್ತಿತ್ತು.

"ಹೋಯ್ತು ಬುಡು. ಆ ಹೆಣ್ಣು ಇನ್ ನಿನ್ಗಿಲ್ಲ" ಎಂದು ಚಿಕ್ಕಪ್ಪ ಮನೆಗೆ ಬಂದು ಎಲೆಅಡಿಕೆ ಹಾಕಿಕೊಂಡರು. ನಾನು ಕೋಪದಲ್ಲೇ ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ಪೈಪು ತಂದೆ. ತೋರಿಸಿಬಿಡುತ್ತೇನೆ, ಇವರದೇ ತಪ್ಪು ಎಂದು. ಪೈಪಿಗೆ ನೀರು ತುಂಬಿ, ಕಾಲುವೆಯ ಉದ್ದಕ್ಕೂ ಹಿಡಿದು ನೋಡುತ್ತಾ ಹೋದೆ. ನಡುವಿನಲ್ಲಿ ಒಂದು ಗೇಣು ಎತ್ತರ ಬಂತು.

ಅಲ್ಲಿ ನಿಂತಾಗ ಎಲ್ಲಾ ನೆನಪಾಯಿತು. ಅದರ ಹಿಂದಿನ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಗಟ್ಟಿ ಕಲ್ಲುಮಣ್ಣು ಸಿಕ್ಕಿತ್ತು. ಮೂರು ದಿನ ಗುದ್ದಿ ಕೈ ಸೋತು, ಇಷ್ಟು ಸಾಕು, ನೀರು ಹೇಗೋ ದಾಟಿಕೊಳ್ಳುತ್ತದೆ ಎಂದು ಮುಂದಕ್ಕೆ ಹೋಗಿದ್ದೆ. ನನ್ನಷ್ಟು ದುಡಿಯುವವನು ಊರಲ್ಲಿ ಇಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದವನು, ಒಂದು ದಿನ ಸೋಮಾರಿಯಾಗಿ, ಆಮೇಲೆ ಅದನ್ನು ಮರೆತೂ ಬಿಟ್ಟಿದ್ದೆ. ಬುಧವಾರ ಕತ್ತಲಾಗುವವರೆಗೆ ಹಾರೆ ಹಾಕಿ ಆ ಗೇಣನ್ನು ತೆಗೆದೆ. ಕಡ್ಡಿ ಹಾಕಿದೆ. ಕಡ್ಡಿ ಒಂದು ಕ್ಷಣ ತಡವರಿಸಿ, ಹಳ್ಳದ ಕಡೆಗೆ ಮೆಲ್ಲಗೆ ಹೊರಟಿತು.

ಗುರುವಾರ ಪಾಂಡವಪುರಕ್ಕೊಂದು, ಅಲ್ಲಿಂದ ನಾಗಮಂಗಲಕ್ಕೊಂದು, ಅಲ್ಲಿಂದ ಅವರೂರಿಗೊಂದು, ಮೂರು ಬಸ್ಸು ಹತ್ತಿ ಹೋದೆ. ಯಾವ ಬಸ್ಸಿನಲ್ಲಿ ಯಾವ ಕಡೆ ಕೂತಿದ್ದೆನೋ ಗೊತ್ತಿಲ್ಲ. ತಿಮ್ಮೇಗೌಡರು ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದರು. ಒಂದು ಸಲ ನನ್ನನ್ನು ನೋಡಿ, ಮತ್ತೊಂದು ಎಳೆ ಸೇರಿಸಿಕೊಂಡರು.

"ನಡುವೆ ಒಂದ್ ಗೇಣು ಎತ್ರ ಇತ್ತು" ಅಂದೆ. "ನೀವ್ ಅಂದಿದ್ದೇ ಸರಿ. ನಾನ್ ಆಡಿದ್ದು ತಪ್ಪಾಯ್ತು."

ಅವರು ಹೊಸೆಯುವುದು ನಿಲ್ಲಿಸಲಿಲ್ಲ. "ತೆಗ್ದ್ಯಾ?"

"ತೆಗ್ದೆ."

"ಕಡ್ಡಿ ಹೋಯ್ತಾ?"

"ಹೋಯ್ತು."

ಹಗ್ಗ ಪಕ್ಕಕ್ಕಿಟ್ಟು, "ಕೈಕಾಲ್ ತೊಳ್ಕೊ. ಉಣ್ಣುವಂತೆ" ಅಂದರು. ಉಂಡೆ. ಮುದ್ದೆ ಬಡಿಸಿದವರು ಯಾರೆಂದು ನಾಚಿಕೆಗೆ ತಲೆಯೆತ್ತಿಯೂ ನೋಡಲಿಲ್ಲ. ಮುಂದಿನ ವಾರ ಅವರ ಕಡೆಯಿಂದ ಒಪ್ಪಿಗೆ ಬಂತು. ಆ ಚೌಳು ಗುಣವಾಗಲು ಇನ್ನೂ ಮೂರು ಬೆಳೆ ಹಿಡಿಯಿತು ಅನ್ನಿ.

ಇದನ್ನೆಲ್ಲ ಆ ಕೇರಳದ ದೋಣಿಯಲ್ಲಿ ಭಾಗ್ಯಳಿಗೆ ಹೇಳಿದೆ. ತೆಪ್ಪದ ವಿಷಯ ಅವಳಿಗೆ ಗೊತ್ತಿತ್ತು. ಚೌಳು ಕಾಣದ ಹಾಗೆ ಅವಳಪ್ಪನನ್ನು ಕೂರಿಸಲು ನಾನು ಕಣದಲ್ಲಿ ಅಭ್ಯಾಸ ಮಾಡಿದ್ದು ಗೊತ್ತಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, ಹಿಂದಿನ ಸಾಲಿನವರು ಎದ್ದು ನೋಡುವಷ್ಟು ನಕ್ಕಳು. ನಕ್ಕು ಮುಗಿಸಿ, ಕಣ್ಣು ಒರೆಸಿಕೊಂಡು, "ನಂದೂ ಒಂದ್ ಅದೆ" ಅಂದಳು.

"ಏನು?"

"ನೀವ್ ಬಂದ್ರಲ್ಲ ಗುರುವಾರ, ಅದರ ಮಾರನೇ ದಿನ ನನ್ನ ನೋಡಕ್ಕೆ ಇನ್ನೊಬ್ರು ಬರೋರಿದ್ರು. ಹೈಸ್ಕೂಲ್ ಮೇಷ್ಟ್ರು. ಬಿ.ಎ. ಓದಿದ್ರು."

ದೋಣಿಯವನು ಕೈ ಚಾಚಿ ಏನೋ ತೋರಿಸುತ್ತಿದ್ದ. ಎಲ್ಲರೂ ಓ ಅನ್ನುತ್ತಿದ್ದರು.

"ಬಂದ್ರಾ?" ಅಂದೆ.

"ಬಂದ್ರು. ಬ್ಯಾಡ ಅಂತ ಹೇಳಿಕಳ್ಸಕ್ಕೆ ಅಪ್ಪನ್ಗೆ ಹೊತ್ತಿರ್ನಿಲ್ಲ. ಉಪ್ಪಿಟ್ಟು ತಿಂದ್ಕಂಡು ಹೋದ್ರು."

"ನೀನು ಈಚೆಗೆ ಬಂದು ಕುಂತ್ಕಂಡ್ಯಾ?"

"ನಾನ್ ಯಾಕ್ ಬರ್ಲಿ?" ಅಂದಳು. "ಗುರುವಾರವೇ ನಿಮ್ಗೆ ಊಟಕ್ಕೆ ಬಡ್ಸಿದ್ನಲ್ಲ."

ಊರಿಗೆ ಬಂದ ಮೇಲೆ ಡೈರಿಯ ಹತ್ತಿರ ಸಿಕ್ಕಿದವರೆಲ್ಲ, ದೋಣಿಯಲ್ಲಿ ಏನೇನು ನೋಡಿದಿರಿ ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಓಡಿ ಒಳ್ಳೆಯ ಜಾಗ ಹಿಡಿದವನು ನಾನು. ಹೇಳುವುದಕ್ಕೆ ಒಂದೂ ನೆನಪಿಗೆ ಬರಲಿಲ್ಲ.