ಕೆಂಪಾಜಮ್ಮ ಆರಿಸಿದ ಕರ್ಪೂರ

ಹೆಮ್ಮರಗಾಲದ ಕೆಂಪಾಜಮ್ಮನ ಬಲ ಅಂಗೈಯಲ್ಲಿ ಒಂದು ಸುಟ್ಟ ಕಲೆ ಇತ್ತು. ಬೇರೆ ಹೆಂಗಸಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳೇನೋ. ಈಕೆ ಕೇಳದವರಿಗೂ ತೋರಿಸುತ್ತಿದ್ದಳು. ತೋರಿಸದೆ ಏನು ಮಾಡಿಯಾಳು? ಆ ಕಲೆಯ ಹಿಂದೆ ಒಂದು ಜೀವವಿತ್ತು.

ಮಹಾರಾಜರ ಕಾಲ, ಮೂವತ್ತರ ದಶಕದ ಒಂದು ಬೇಸಿಗೆ. ಊರಲ್ಲಿ ಮೇವು ಒಣಗಿದಾಗ ದನಗಳನ್ನು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಹೊಡೆದುಕೊಂಡು ಹೋಗಿ ದೊಡ್ಡಿ ಹಾಕುವುದು ಊರವರ ವಾಡಿಕೆ. ಕೆಂಪಾಜಮ್ಮ ಗಂಡ ಹುಚ್ಚಯ್ಯನ ಜೊತೆ ಅಲ್ಲಿದ್ದಳು. ಮಧ್ಯಾಹ್ನವಾದರೆ ಬೆಟ್ಟದ ನೆತ್ತಿಯಿಂದ ಗಾಳಿ ಕೆಳಕ್ಕೆ ನುಗ್ಗುವುದು. ಹದ್ದುಗಳೂ ಆಗ ಅತ್ತ ಸುಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲೇ ಒಂದು ಪುಟ್ಟ ವಿಮಾನ ಗುರುಗುಟ್ಟುತ್ತಾ ಬಂತು. ನೆತ್ತಿ ದಾಟಲು ಹೆಣಗಿತು, ಆಗಲಿಲ್ಲ. ಗಾಳಿ ಅದನ್ನು ಒತ್ತಿ ಹುಲ್ಲಿನ ಇಳಿಜಾರಿಗೆ ಕೆಡವಿತು. ರೆಕ್ಕೆ ಮುರಿದು, ಮೂತಿ ಮಣ್ಣಲ್ಲಿ ಹೂತು ನಿಂತಿತು.

ದೊಡ್ಡಿಯವರು ಯಾರೂ ವಿಮಾನ ಕಂಡವರಲ್ಲ. ಆಕಾಶದಿಂದ, ಅದೂ ಸ್ವಾಮಿಯ ಬೆಟ್ಟಕ್ಕೆ ಇಳಿದದ್ದು ದೇವರ ವಾಹನವಲ್ಲದೆ ಇನ್ನೇನು? ಹುಚ್ಚಯ್ಯ ಎಕ್ಕಡ ಕಳಚಿಟ್ಟ. ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಗಾಳಿಗೆ ಕೈ ಮರೆ ಮಾಡಿಕೊಂಡು, ಉಳಿದವರನ್ನು ಕರೆದುಕೊಂಡು ಭಕ್ತಿಯಿಂದ ಹೊರಟ.

ಹತ್ತಿರವಾದಂತೆ ಕೆಂಪಾಜಮ್ಮನ ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು. ನಂಜನಗೂಡಿನ ಮೋಟಾರು ಬಸ್ಸಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಬೆಟ್ಟಸ್ವಾಮಿ, ಇದೇ ವಾಸನೆಯ ಡಬ್ಬದ ಪಕ್ಕ ಬೀಡಿ ಹಚ್ಚಿ ಅರ್ಧ ಮುಖ ಸುಟ್ಟುಕೊಂಡಿದ್ದ. ಅಷ್ಟರಲ್ಲಿ ಒಳಗಿನಿಂದ ಯಾರೋ "ಅಮ್ಮಾ" ಎಂದು ನರಳಿದರು.

ಕೆಂಪಾಜಮ್ಮ ಮುಂದೆ ನುಗ್ಗಿ ಉರಿಯುವ ಕರ್ಪೂರದ ಮೇಲೆ ಅಂಗೈ ಅದುಮಿದಳು.

"ಆರ್ತಿ ಆರುಸ್ಬುಟ್ಯಲ್ಲೇ, ನಮ್ಮನೆ ಉಳಿದದಾ?" ಹುಚ್ಚಯ್ಯ ಕೂಗಿಕೊಂಡ.

"ಒಳಗಿರೋನು ಮನ್ಸ, ದ್ಯಾವ್ರಲ್ಲ. ಬೆಂಕಿ ತಗುಲುದ್ರೆ ಬೂದಿಯಾಯ್ತನೆ. ಬನ್ನಿ, ಎಳೀರಿ."

ಕಾಲು ಮುರಿದಿದ್ದ ತರುಣನನ್ನು ಎಳೆದು ಹೊರತಂದರು. ಕಂಬಳಿಯನ್ನೇ ಜೋಲಿ ಕಟ್ಟಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊತ್ತರು.

ಊರಿಗೆ ಮರಳಿದ ಮೇಲೆ ಜನ ಬಾಯಿಗೆ ಬಂದಂತೆ ಆಡಿಕೊಂಡರು. ಆರತಿ ಆರಿಸಿದ ಕೈ ದೀಪ ಮುಟ್ಟಕೂಡದು ಎಂದರು. ಹುಚ್ಚಯ್ಯನೂ ಮನೆಯ ದೀಪವನ್ನು ತಾನೇ ಹಚ್ಚತೊಡಗಿದ. ಅದು ಅವಳನ್ನು ಸುಟ್ಟಷ್ಟು ಕರ್ಪೂರ ಸುಟ್ಟಿರಲಿಲ್ಲ. ಆದರೂ ಆಕೆ ತಪ್ಪಾಯಿತು ಎನ್ನಲಿಲ್ಲ. ಯಾಕೆ ಅನ್ನಬೇಕು?

ಕಾರ್ತಿಕದ ಒಂದು ಸಂಜೆ ಆ ತರುಣ ಕೋಲೂರಿಕೊಂಡು, ತಾಯಿಯನ್ನು ಕರೆದುಕೊಂಡು ಮೈಸೂರಿನಿಂದ ಬಂದ. ಜಗಲಿಯಲ್ಲಿ ಕೂತ ಹುಚ್ಚಯ್ಯನಿಗೆ ಹೇಳಿದ: "ಮೈಯೆಲ್ಲ ಪೆಟ್ರೋಲು ಸುರಿದಿತ್ತು, ಯಜಮಾನರೇ. ನೀವು ಬೆಂಕಿ ಹಿಡಿದು ಬರೋದು ಕಾಣ್ತಿತ್ತು. ಬೇಡ ಅಂತ ಕೂಗೋದಕ್ಕೆ ನನ್ನಲ್ಲಿ ಉಸಿರಿರಲಿಲ್ಲ."

ಅವನ ತಾಯಿ ಕೆಂಪಾಜಮ್ಮನ ಸುಟ್ಟ ಅಂಗೈಯನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು.

ಅವರು ಹೋದ ಮೇಲೆ ಹುಚ್ಚಯ್ಯ ಕತ್ತಲಾಗುತ್ತಿದ್ದಂತೆ ಎದ್ದು, ಬೆಂಕಿಪೊಟ್ಟಣ ತಂದು ಹೆಂಡತಿಯ ಮುಂದೆ ಹಿಡಿದ.

"ಇನ್ಮೇಲೆ ದೀಪವ ನೀನೇ ಅಂಟ್ಸು. ಬ್ಯಾಡ ಅನ್ನಕೆ ನಾನ್ಯಾರು?"

ಕೆಂಪಾಜಮ್ಮ ಮೊದಲು ಬೀದಿಬಾಗಿಲನ್ನು ಅಗಲವಾಗಿ ತೆರೆದಳು, ಎಲ್ಲರೂ ಕಾಣಲಿ ಎಂದು. ಆಮೇಲೆ ಕಡ್ಡಿ ಗೀರಿದಳು.