ತಟ್ಟೆಯ ಎಡಭಾಗ

ಬೆಳಿಗ್ಗೆ ಗೂಡು ಒರೆಸುವಾಗ ಒಂದು ಮರದ ಬೊಂಬೆ ಕೈಗೆ ಸಿಕ್ಕಿತು. ಅರಗಿನ ಹೊಳಪು ಇನ್ನೂ ಹೋಗಿಲ್ಲ. ನೋಡುವವರ ಬಲಕ್ಕೆ ಮಾತ್ರ ಕಣ್ಣಿದೆ, ಎಡಗಡೆ ಬೋಳು. ಇಷ್ಟು ವರ್ಷ ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟಿದ್ದೆ. ಏಕೆಂದು ನಿಮಗೆ ಹೇಳಿಬಿಡುತ್ತೇನೆ.

ಅದನ್ನು ಮಾಡಿದವನು ಹುಸೇನಿ, ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯವನು, ಬಾಲ್ಯದ ಗೆಳೆಯ. ನಾನು ಹೈಸ್ಕೂಲು ಮುಗಿಸಿ ಮೇಷ್ಟ್ರಾಗಿದ್ದೆ. ಮನಶ್ಶಾಸ್ತ್ರದ ಪುಸ್ತಕ ಒಂದನ್ನು ಓದಿದ್ದೆ. ಒಂದೇ ಓದಿದ್ದರಿಂದ ಸಂದೇಹಗಳೇನೂ ಇರಲಿಲ್ಲ. ಊರಿನವರ ಕೋಪಕ್ಕೆ, ಸೋಮಾರಿತನಕ್ಕೆ, ಅತ್ತೆ ಸೊಸೆಯರ ಜಗಳಕ್ಕೂ ನನ್ನಲ್ಲಿದ್ದ ಔಷಧ ಇಚ್ಛಾಶಕ್ತಿ.

ಒಂದು ದಿನ ಹುಸೇನಿ ಕೆಲಸದ ನಡುವೆ ಕುಸಿದುಬಿದ್ದ. ವಾರದಲ್ಲಿ ಎದ್ದು ಕೂತ. ಮಾತು ಮೊದಲಿನಂತೆಯೇ ಇತ್ತು. ಆದರೆ ಬೊಂಬೆಗಳಿಗೆ ಒಂದೇ ಕಣ್ಣು ಬರೆಯತೊಡಗಿದ. ಊಟಕ್ಕೆ ಕೂತರೆ ತಟ್ಟೆಯ ಬಲಭಾಗ ಮಾತ್ರ ತಿಂದು, "ಇನ್ನೊಸಿ ಇಕ್ಕಮ್ಮಿ" ಎಂದು ಹೆಂಡತಿಯನ್ನು ಕೇಳುವನು.

"ತಟ್ಟೇಲೇ ಐತಲ್ಲ ಮೇಷ್ಟ್ರೇ," ಎಂದು ಅವನ ಹೆಂಡತಿ ಬೂಬಮ್ಮ ಅತ್ತಳು. "ನನ್ ಕೈ ಅಡುಗೆ ಬ್ಯಾಡವಾಗೈತೇನೋ. ಒಸಿ ಬುದ್ಧಿ ಯೋಳಿ."

"ನಾಟ್ಕ ಆಡ್ತಿದ್ದೀಯೇನ್ಲಾ?" ಎಂದೆ.

"ಎಲ್ಲೈತ್ಲಾ ಅನ್ನ? ನಿನ್ ಪುಸ್ತಕದಾಗೈತಾ?" ಎಂದ ಹುಸೇನಿ.

ನನಗೆ ಉರಿಯಿತು. "ಇದು ಹಟ. ತಟ್ಟೆ ಖಾಲಿಯಾಗೋವರ್ಗೂ ಮತ್ತೆ ಇಕ್ಕಬ್ಯಾಡಮ್ಮ. ಹಸಿವೇ ಬುದ್ಧಿ ಕಲಿಸ್ತದೆ" ಎಂದೆ. ಅವಳು ನಂಬಿದಳು, ಓದಿದವನು ನಾನು ತಾನೆ. ತಿಂಗಳಲ್ಲಿ ಅವನ ಪಕ್ಕೆಲುಬು ಎಣಿಸುವಂತಾಯಿತು. ಹಟ ಕರಗುತ್ತಿದೆ ಎಂದುಕೊಂಡೆ.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ಅವನನ್ನು ನೋಡಲು ಬಂದಾಗ ಅವನು ಊಟಕ್ಕೆ ಕೂತಿದ್ದ. ನಾನು ಇಚ್ಛಾಶಕ್ತಿಯ ಮಾತು ತೆಗೆದೆ. ಅವರು ಕಿವಿಗೊಡದೆ ಬಗ್ಗಿ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು.

ಹುಸೇನಿಯ ಮುಖ ಅರಳಿತು. "ಅಂತೂ ಇಕ್ಕುದ್ಯಲ್ಲ ಅಮ್ಮಿ!" ಎಂದು ಉಳಿದ ಅನ್ನವನ್ನೆಲ್ಲ ಗಬಗಬ ತಿಂದ.

ಒಂದು ತಿಂಗಳು, ಅನ್ನ ಎದುರಿಗಿರುವಾಗಲೇ ಅವನನ್ನು ಅರೆ ಉಪವಾಸ ಕೆಡವಿದ್ದೆ!

"ಇದು ಹಟವಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದೆ, ಅವನ ಪಾಲಿಗೆ ಎಡಗಡೆ ಅನ್ನುವುದೇ ಇಲ್ಲ," ಎಂದರು ಡಾಕ್ಟರು. "ಮಿದುಳನ್ನು ತಿಳಿಯದೆ ಮನಸ್ಸಿಗೆ ಶಿಕ್ಷೆ ಕೊಟ್ಟಿರಲ್ಲ, ಮೇಷ್ಟ್ರೇ."

ಬೂಬಮ್ಮ ಬೈಯಲಿಲ್ಲ. ಅಂದಿನಿಂದ ಊಟದ ನಡುವೆ ತಟ್ಟೆ ತಿರುಗಿಸುತ್ತಿದ್ದಳು. ಆದರೆ ಸೊರಗಿದ ದೇಹ ಮತ್ತೆ ತುಂಬಲಿಲ್ಲ. ಮುಂದೆ ಬಂದ ಜ್ವರವನ್ನು ತಾಳಲಾರದೆ ಹುಸೇನಿ ತೀರಿಕೊಂಡ.

ಅವನು ಬದುಕಿದ್ದಾಗ ಕ್ಷಮೆ ಕೇಳಬೇಕೆಂದು ದಿನವೂ ಹೋಗುತ್ತಿದ್ದೆ. ಹೋಗಿ ಅವನ ಎಡಗಡೆಯೇ ಕೂರುತ್ತಿದ್ದೆ. ಅಲ್ಲಿ ನಾನು ಅವನಿಗೆ ಕಾಣುವುದಿಲ್ಲವೆಂದು ಗೊತ್ತಿತ್ತು.

ಇಂದು ಬೊಂಬೆಯನ್ನು ಗೋಡೆಯಿಂದ ಈಚೆಗೆ ತಿರುಗಿಸಿಟ್ಟೆ. ಕಣ್ಣಿರುವ ಬದಿಗೆ ಹೋಗಿ ನಿಂತಿದ್ದೇನೆ.